ಇಳಿಯುವ ಹೊತ್ತು ಹತ್ತುವ ಮೊದಲೇ ಗೊತ್ತಿರಲಿ

ಕಾಡಿನಲ್ಲಿ ದಾರಿ ತಪ್ಪಿದರೆ ಹಳ್ಳ ಹಿಡಿದು ಇಳಿಯಬೇಕು, ನೀರು ಊರಿಗೆ ಕರೆದೊಯ್ಯುತ್ತದೆ ಎಂಬ ಮಾತನ್ನು ನಮ್ಮಲ್ಲಿ ಬಹಳ ಜನ ಕೇಳಿದ್ದಾರೆ. ಬಯಲುಸೀಮೆಯ ಗುಡ್ಡಗಳಲ್ಲಿ ಅದು ನಿಜವೂ ಇರಬಹುದು. ಪಶ್ಚಿಮ ಘಟ್ಟದ ಅಂಚಿನಲ್ಲಿ ಮಾತ್ರ ಅದರಷ್ಟು ಅಪಾಯದ ಸಲಹೆ ಇನ್ನೊಂದಿಲ್ಲ.

ಘಟ್ಟದ ಮೈಕಟ್ಟೇ ಹಾಗಿದೆ. ಹಾಸನ, ಚಿಕ್ಕಮಗಳೂರಿನ ಕಡೆಯಿಂದ ನೆಲ ನಿಧಾನಕ್ಕೆ ಏರುತ್ತ ಬರುತ್ತದೆ. ಪಶ್ಚಿಮದ ಅಂಚು ತಲುಪಿದೊಡನೆ ಒಮ್ಮೆಲೇ ಕಡಿದಂತೆ ಕುಸಿಯುತ್ತದೆ. ಕಡಲಿನತ್ತ ಹರಿಯುವ ಪ್ರತಿ ನೀರೂ ಈ ಅಂಚಿನಲ್ಲಿ ಎಲ್ಲಾದರೊಂದು ಕಡೆ ಧುಮುಕಲೇಬೇಕು. ಶರಾವತಿ ಜೋಗದಲ್ಲಿ 253 ಮೀಟರ್ ಬೀಳುತ್ತದೆ, ಸೀತಾನದಿ ಆಗುಂಬೆ ಬಳಿಯ ಬರ್ಕಣದಲ್ಲಿ ಬೀಳುತ್ತದೆ, ಬಲ್ಲಾಳರಾಯನದುರ್ಗದ ಹುಲ್ಲುಗಾವಲಿನಲ್ಲಿ ತಣ್ಣಗೆ ಹರಿಯುತ್ತಿದ್ದ ಹಳ್ಳ ಬಂಡಾಜೆ ಅರ್ಬಿಯಾಗಿ ಬೆಳ್ತಂಗಡಿಯ ಕಡೆಗೆ ಉರುಳುತ್ತದೆ. ಇವು ಹೆಸರಿರುವ ಜಲಪಾತಗಳು. ಹೆಸರಿಲ್ಲದವು ಪ್ರತಿ ಕಣಿವೆಯಲ್ಲೂ ಇವೆ. ಹಳ್ಳದ ಜೊತೆ ಇಳಿಯುವವನಿಗೆ ಮೊದಲು ಮೊಣಕಾಲೆತ್ತರದ ಬಂಡೆ ಸಿಗುತ್ತದೆ, ಆಮೇಲೆ ಆಳೆತ್ತರದ್ದು. ಅದನ್ನು ಹೇಗೋ ಜಾರಿ ಇಳಿದುಬಿಡುತ್ತಾನೆ. ಪಾಚಿ ಕಟ್ಟಿದ ಆ ಬಂಡೆಯನ್ನು ತಿರುಗಿ ಹತ್ತಲಾಗುವುದಿಲ್ಲ. ಮುಂದಿನ ತಿರುವಿನಲ್ಲಿ ನೆಲವೇ ಇಲ್ಲ. ಈಗ ಅವನು ಮೇಲಕ್ಕೂ ಹೋಗಲಾಗದ, ಕೆಳಕ್ಕೂ ಇಳಿಯಲಾಗದ ಜಾಗದಲ್ಲಿದ್ದಾನೆ. ನೀರಿನ ಸದ್ದಿಗೆ ಅವನ ಕೂಗು ಯಾರಿಗೂ ಕೇಳಿಸುವುದಿಲ್ಲ.

2019ರಲ್ಲಿ ಕುಮಾರಪರ್ವತದಲ್ಲಿ ಬೆಂಗಳೂರಿನ ಯುವಕನೊಬ್ಬ ಜೊತೆಯವರಿಂದ ತಪ್ಪಿಸಿಕೊಂಡ. ಕಾಡಿನಲ್ಲಿ ಅಲೆದು ಅಲೆದು ಕೊನೆಗೆ ಕುಡಿಯುವ ನೀರಿನ ಪೈಪೊಂದು ಕಣ್ಣಿಗೆ ಬಿತ್ತು. ಅದನ್ನೇ ಹಿಡಿದು ನಡೆದು ಸುಬ್ರಹ್ಮಣ್ಯದ ಕಡೆ ಜನ ಇರುವಲ್ಲಿಗೆ ಬಂದು ಸೇರಿದ. ಹಳ್ಳಕ್ಕೂ ಪೈಪಿಗೂ ಇರುವ ವ್ಯತ್ಯಾಸ ದೊಡ್ಡದು. ಹಳ್ಳ ಬಿದ್ದಲ್ಲಿ ಹರಿಯುತ್ತದೆ. ಪೈಪನ್ನು ಯಾರೋ ಹೆಗಲ ಮೇಲೆ ಹೊತ್ತು, ಕಾಲೂರಲು ಆಗುವ ಕಡೆಯಲ್ಲೇ ಎಳೆದಿರುತ್ತಾರೆ, ಅದರ ಕೊನೆಯಲ್ಲಿ ಮನೆಯೋ ತೋಟವೋ ಇದ್ದೇ ಇರುತ್ತದೆ. ವಿದ್ಯುತ್ ತಂತಿ, ತೋಟದ ಬೇಲಿ, ಜೀಪು ಓಡಾಡಿದ ಜಾಡು, ಇವೆಲ್ಲ ಹಾಗೆಯೇ ನಂಬಬಹುದಾದವು. ಕಾಲುದಾರಿಯನ್ನು ಅಷ್ಟು ಸುಲಭಕ್ಕೆ ನಂಬುವಂತಿಲ್ಲ. ಕಾಟಿ, ಕಡವೆಗಳು ದಿನವೂ ಓಡಾಡುವ ಜಾಡು ಮನುಷ್ಯರ ದಾರಿಯ ಹಾಗೆಯೇ ಸವೆದು ಕಾಣುತ್ತದೆ. ಎದೆಮಟ್ಟದಲ್ಲಿ ಕೊಂಬೆಗಳು ಮತ್ತೆ ಮತ್ತೆ ಅಡ್ಡ ಬರುತ್ತಿದ್ದರೆ, ಎಲ್ಲಿಯೂ ಕತ್ತಿಯಲ್ಲಿ ಸವರಿದ ಗುರುತು ಇಲ್ಲದಿದ್ದರೆ, ಅದು ಜನ ನಡೆಯುವ ದಾರಿಯಲ್ಲ ಎಂದು ಮಲೆನಾಡಿನ ಹುಡುಗರಿಗೆ ಗೊತ್ತು.

ದಾರಿ ತಪ್ಪಿದೆ ಎಂದು ಅನುಮಾನ ಬಂದ ಕ್ಷಣದಲ್ಲಿ ಮಾಡಬೇಕಾದ್ದು ನಿಲ್ಲುವುದು. ಚೀಲ ಇಳಿಸಿ ಕೂರಬೇಕು, ನೀರು ಕುಡಿಯಬೇಕು, ಏನಾದರೂ ತಿನ್ನಬೇಕು. ಗುರುತು ಹಿಡಿಯಬಲ್ಲ ಕೊನೆಯ ಜಾಗ ಯಾವುದು ಎಂದು ನೆನಪಿಸಿಕೊಂಡು, ಬಂದ ಜಾಡಿನಲ್ಲೇ ಅಲ್ಲಿಗೆ ಮರಳಬೇಕು. ಅದೂ ಆಗದಿದ್ದರೆ ಕಣಿವೆಗೆ ಇಳಿಯುವ ಬದಲು ಬೋಳು ದಿಣ್ಣೆಯ ಕಡೆಗೆ ಏರಬೇಕು. ಘಟ್ಟದಲ್ಲಿ ಮೊಬೈಲ್ ಸಿಗ್ನಲ್ ಸಿಗುವುದು ಅಂಥ ದಿಣ್ಣೆಗಳ ಮೇಲೆ, ಹುಡುಕಿ ಬಂದವರ ಕಣ್ಣಿಗೆ ಬೀಳುವುದೂ ಅಲ್ಲೇ. ಸೀಟಿ ಇದ್ದರೆ ನಿಮಿಷಕ್ಕೆ ಆರು ಸಲ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಆರು ಸಲ. ಪರ್ವತಾರೋಹಿಗಳ ನಡುವೆ ನೆರವು ಬೇಡುವ ಗುರುತು ಅದು. ರಾತ್ರಿ ಟಾರ್ಚಿನಲ್ಲೂ ಹೀಗೆಯೇ. ಕೇಳಿಸಿಕೊಂಡವರು ನಿಮಿಷಕ್ಕೆ ಮೂರು ಸಲ ಉತ್ತರ ಕೊಡುತ್ತಾರೆ. ಗಂಟಲು ಅರ್ಧ ಗಂಟೆಗೆ ಕಟ್ಟುತ್ತದೆ, ಮೂವತ್ತು ರೂಪಾಯಿಯ ಸೀಟಿ ರಾತ್ರಿಯಿಡೀ ಕೂಗುತ್ತದೆ.

ಕೂರುವುದು ಹೇಳುವಷ್ಟು ಸುಲಭವಲ್ಲ. ಕತ್ತಲಾಗುತ್ತಿದೆ, ಬಸ್ಸು ಕಾಯುತ್ತಿದೆ, ನಾಳೆ ಆಫೀಸಿದೆ ಎಂಬ ಆತುರದಲ್ಲಿರುವವನು ಕೂರುವುದಿಲ್ಲ, ಓಡುತ್ತಾನೆ. ಬೆಟ್ಟದಲ್ಲಿ ಆಗುವ ಅನಾಹುತಗಳ ಬೇರು ಬಹಳ ಸಲ ಬೆಟ್ಟದಲ್ಲಿ ಇರುವುದೇ ಇಲ್ಲ ಎಂದು ನನಗೆ ಬಲವಾಗಿ ಅನ್ನಿಸುವುದು ಇದಕ್ಕೇ. ಅದು ಶುಕ್ರವಾರ ರಾತ್ರಿ ಹತ್ತು ಗಂಟೆಗೆ ಬೆಂಗಳೂರಿನಲ್ಲಿ ಶುರುವಾಗಿರುತ್ತದೆ.

ವಾರಾಂತ್ಯದ ಚಾರಣದ ಲೆಕ್ಕಾಚಾರ ಎಲ್ಲರಿಗೂ ಗೊತ್ತಿದೆ. ಇಡೀ ವಾರ ಕೆಲಸ ಮಾಡಿ ದಣಿದವರು ಶುಕ್ರವಾರ ರಾತ್ರಿ ಟೆಂಪೊ ಟ್ರಾವೆಲರ್ ಹತ್ತುತ್ತಾರೆ. ಹಾಡು, ಅಂತ್ಯಾಕ್ಷರಿ, ಶಿರಾಡಿ ಘಾಟಿಯ ತಿರುವುಗಳು. ಬೆಳಗಿನ ಜಾವ ಐದಕ್ಕೆ ಹೋಂಸ್ಟೇಯ ಮುಂದೆ ಇಳಿದು, ಮುಖ ತೊಳೆದು, ಒಂದಿಷ್ಟು ಅವಲಕ್ಕಿಯೋ ಇಡ್ಲಿಯೋ ತಿಂದು ಹತ್ತಲು ಶುರು. ನಿದ್ದೆಗೆಟ್ಟ ದೇಹ ಹೊತ್ತ ಭಾರ, ಬೆವರಿದ ನೀರು, ಏರಿದ ಎದೆಬಡಿತ ಯಾವುದನ್ನೂ ಸರಿಯಾಗಿ ಅಳೆಯಲಾರದು. ಯಾವ ತಂಡದ ಜಾಹೀರಾತಿನಲ್ಲೂ ರಾತ್ರಿ ನಿದ್ದೆ ಇಲ್ಲ ಎಂಬ ಎಚ್ಚರಿಕೆಯ ಸಾಲು ನನಗೆ ಕಂಡಿಲ್ಲ. ಶುಕ್ರವಾರ ಮಧ್ಯಾಹ್ನವೇ ಹೊರಟು ಬೆಟ್ಟದ ಬುಡದಲ್ಲಿ ಮಲಗೆದ್ದು ಹತ್ತುವ ತಂಡಕ್ಕೆ ನಾಲ್ಕು ಕಾಸು ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಇನ್ನು ಹೊತ್ತಿನ ಲೆಕ್ಕ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಒಂದು ಸರಳ ಸೂತ್ರ ಕೊಟ್ಟ. ಇಂದಿಗೂ ಅದು ಬಳಕೆಯಲ್ಲಿದೆ. ಐದು ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಕೆಗೆ ಇನ್ನೊಂದು ಗಂಟೆ. ಕುಮಾರಪರ್ವತಕ್ಕೆ ಇದನ್ನು ಹಾಕಿ ನೋಡಿ. ಶಿಖರ 1,712 ಮೀಟರ್. ಕುಕ್ಕೆ ಸುಬ್ರಹ್ಮಣ್ಯ ಇರುವುದು ಕರಾವಳಿಯ ಮಟ್ಟಕ್ಕಿಂತ ಸ್ವಲ್ಪವೇ ಮೇಲೆ. ಅಂದರೆ ಏರಿಕೆ ಹತ್ತಿರ ಹತ್ತಿರ 1,600 ಮೀಟರ್, ನಡಿಗೆ ಒಂದು ಬದಿಗೆ ಸುಮಾರು 12 ಕಿಲೋಮೀಟರ್. ನಡಿಗೆಗೆ ಎರಡೂವರೆ ಗಂಟೆ, ಏರಿಕೆಗೆ ಎರಡೂಮುಕ್ಕಾಲು. ಒಟ್ಟು ಐದು ಗಂಟೆಯ ಮೇಲೆ, ಅದೂ ಎಲ್ಲಿಯೂ ಕೂರದೆ ನಡೆಯುವ ಗಟ್ಟಿಗನಿಗೆ. ದಾರಿಯಲ್ಲಿ ಸಿಗುವ ಭಟ್ಟರ ಮನೆಯ ಬಳಿ ಸುಧಾರಿಸಿಕೊಂಡು, ಕಲ್ಲುಮಂಟಪದಲ್ಲಿ ಕುಳಿತು, ಫೋಟೊ ತೆಗೆಯುತ್ತ ಹೋಗುವ ನಮ್ಮಂಥವರಿಗೆ ಆರೂವರೆ ಗಂಟೆ ಹಿಡಿದರೆ ಆಶ್ಚರ್ಯವಿಲ್ಲ. ಬೆಳಿಗ್ಗೆ ಆರಕ್ಕೆ ಹೊರಟರೆ ಶಿಖರ ಮುಟ್ಟುವಾಗ ಹನ್ನೆರಡೂವರೆ. ಇಳಿಯಲು ಕಡಿಮೆಯೆಂದರೂ ನಾಲ್ಕೂವರೆ ಗಂಟೆ. ಡಿಸೆಂಬರಿನಲ್ಲಿ ಆರರ ಸುಮಾರಿಗೆ ಸೂರ್ಯ ಮುಳುಗುತ್ತಾನೆ, ದಾರಿಯ ಕೆಳಭಾಗದ ದಟ್ಟ ಕಾಡಿನಲ್ಲಿ ಐದೂವರೆಗೇ ಬೇರು ಯಾವುದು, ಕಲ್ಲು ಯಾವುದು ಕಾಣದು. ಹಾಗಾದರೆ ಹನ್ನೆರಡೂವರೆಗೆ ಎಲ್ಲಿದ್ದರೂ ತಿರುಗಲೇಬೇಕು. ಶಿಖರಕ್ಕೆ ಮೊದಲು ಸಿಗುವ ಶೇಷಪರ್ವತದ ಮೇಲೆ ನಿಂತಿದ್ದರೂ, ಶಿಖರ ಎದುರಿಗೇ ಕಾಣುತ್ತಿದ್ದರೂ ತಿರುಗಬೇಕು.

ಈ ತಿರುಗುವ ಹೊತ್ತನ್ನು ಮನೆಯಲ್ಲಿ, ಒಣ ಬಟ್ಟೆಯಲ್ಲಿ, ಹೊಟ್ಟೆ ತುಂಬಿರುವಾಗ ಗೊತ್ತುಮಾಡಿಕೊಂಡು ತಂಡದ ಪ್ರತಿಯೊಬ್ಬರಿಗೂ ಹೇಳಿರಬೇಕು. ಬೆಟ್ಟದ ಮೇಲೆ ತೀರ್ಮಾನಿಸೋಣ ಎಂದು ಬಿಟ್ಟರೆ ಅಲ್ಲಿ ತೀರ್ಮಾನ ಆಗುವುದಿಲ್ಲ. ದಣಿದ ತಲೆ ಯಾವಾಗಲೂ ಇನ್ನು ಹತ್ತೇ ನಿಮಿಷ ಎನ್ನುತ್ತದೆ. ಹಣ ಕೊಟ್ಟು ಬಂದಿದ್ದೇವೆ, ಅನುಮತಿ ಸಿಗುವುದೇ ಕಷ್ಟ, ಮತ್ತೆ ಯಾವಾಗ ಬರುತ್ತೇವೋ ಎಂಬ ಮಾತೂ ಬರುತ್ತದೆ. ಘಟ್ಟದ ತಪ್ಪಲಿನವರು ಮೋಡ ಕಟ್ಟಿದ್ದು ನೋಡಿ ಅರ್ಧ ದಾರಿಯಿಂದ ಹಿಂದೆ ಬರುವುದನ್ನು ಸೋಲು ಎಂದು ಎಣಿಸಿದ್ದನ್ನು ನಾನು ನೋಡಿಲ್ಲ. ಅವರಿಗೆ ಅದು ದಿನನಿತ್ಯದ ಕೆಲಸ.

ತಂಡ ನಡೆಯುವ ಕ್ರಮದಲ್ಲೂ ನಮ್ಮಲ್ಲಿ ಒಂದು ರೂಢಿ ತಿರುವುಮುರುವಾಗಿದೆ. ಗಟ್ಟಿಗರು ಮುಂದೆ ಹೋಗಿ ಬಂಡೆಯ ಮೇಲೆ ಕಾಯುತ್ತಾರೆ. ನಿಧಾನದವರು ಏದುಸಿರು ಬಿಡುತ್ತ ಬಂದು ತಲುಪಿದ ಕೂಡಲೇ ಗಟ್ಟಿಗರು ಎದ್ದು ಹೊರಡುತ್ತಾರೆ. ವಿಶ್ರಾಂತಿ ಸಿಕ್ಕಿದ್ದು ಬೇಡದವರಿಗೆ. ಎಲ್ಲರಿಗಿಂತ ನಿಧಾನದವರನ್ನು ಮುಂದಾಳಿನ ಬೆನ್ನಿಗೇ ನಡೆಸಿ, ಬಲವಾದ ಒಬ್ಬರನ್ನು ಕೊನೆಗೆ ಇರಿಸಿದರೆ ಇಡೀ ತಂಡ ಒಂದೇ ಹೆಜ್ಜೆಗೆ ಬರುತ್ತದೆ, ಕವಲುದಾರಿಯಲ್ಲಿ ಯಾರೂ ಒಬ್ಬಂಟಿಯಾಗುವುದಿಲ್ಲ.

ಇಂಬಳ, ಹಾವು, ಆನೆಗಳ ಭಯದಲ್ಲಿ ನಾವು ಮರೆಯುವ ಶತ್ರು ಚಳಿ. ಕರ್ನಾಟಕದಲ್ಲೆಲ್ಲಿಯ ಚಳಿ ಎಂದು ಕೇಳುವವರಿದ್ದಾರೆ. ಪ್ರತಿ ಸಾವಿರ ಮೀಟರ್ ಏರಿದಂತೆ ಉಷ್ಣತೆ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತದೆ. ಕುದುರೆಮುಖದ ಶಿಖರ 1,894 ಮೀಟರ್, ಮುಳ್ಳಯ್ಯನಗಿರಿ ಇನ್ನೂ ಎತ್ತರ. ಅದರ ಮೇಲೆ ಜುಲೈ ತಿಂಗಳ ಮಳೆ, ಬೋಳು ದಿಣ್ಣೆಯ ಮೇಲೆ ಕಡಲಿನಿಂದ ನೇರ ಬೀಸುವ ಗಾಳಿ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯ ಬಿಸಿಯನ್ನು ಹೀರುತ್ತದೆ. ಒದ್ದೆಯಾದ ಹತ್ತಿ ಅಂಗಿ, ಒದ್ದೆಯಾದ ಜೀನ್ಸ್ ತೊಟ್ಟು ಇಂಥ ಗಾಳಿಯಲ್ಲಿ ನಿಂತವನಿಗೆ ಹದಿನೈದು ಡಿಗ್ರಿಯೇ ಸಾಕು. ಮೈಯ ಒಳಗಿನ ಉಷ್ಣತೆ 37ರಿಂದ 35ಕ್ಕಿಂತ ಕೆಳಗೆ ಇಳಿದರೆ ವೈದ್ಯರು ಅದನ್ನು ಹೈಪೊಥರ್ಮಿಯಾ ಎನ್ನುತ್ತಾರೆ.

ಅದನ್ನು ಗುರುತಿಸಲು ಥರ್ಮಾಮೀಟರ್ ಬೇಕಿಲ್ಲ. ಹೆಬ್ಬೆರಳಿನ ತುದಿಯನ್ನು ಕಿರುಬೆರಳಿನ ತುದಿಗೆ ಮುಟ್ಟಿಸಲು ಹೇಳಿ. ಮುಟ್ಟಿಸಲಾಗದಿದ್ದರೆ ಆ ಕೈಗೆ ಇನ್ನು ಸ್ವಲ್ಪ ಹೊತ್ತಿನಲ್ಲಿ ಜಿಪ್ ಎಳೆಯಲೂ ಬಿಸ್ಕತ್ತಿನ ಪೊಟ್ಟಣ ಹರಿಯಲೂ ಬಾರದು. ಆಮೇಲೆ ಮಾತು ತೊದಲುತ್ತದೆ, ಕಾಲು ಎಡವುತ್ತದೆ, ಸಣ್ಣದಕ್ಕೂ ಸಿಡುಕುತ್ತಾರೆ, ನನಗೇನೂ ಆಗಿಲ್ಲ ಬಿಡಿ ಎನ್ನುತ್ತಾರೆ. ಹಾಗೆ ಹೇಳುವವರನ್ನು ನಂಬಬಾರದು. ನಡುಕ ನಿಂತಿತೆಂದರೆ ಸುಧಾರಿಸಿದರು ಎಂದಲ್ಲ, ನಡುಗುವ ಶಕ್ತಿಯೂ ಮುಗಿಯಿತು ಎಂದು. ಗಾಳಿಯ ಮರೆಗೆ ಕರೆತಂದು, ಒದ್ದೆ ಬಟ್ಟೆ ತೆಗೆದು, ಒಣ ಬಟ್ಟೆ ಹಾಕಿ, ಕೆಳಗೆ ಚೀಲವೋ ಚಾಪೆಯೋ ಹಾಸಿ ಕೂರಿಸಿ, ಎಚ್ಚರವಿದ್ದು ನುಂಗಬಲ್ಲವರಾದರೆ ಬಿಸಿಯಾದ ಸಿಹಿ ಪಾನಕ ಕೊಡಬೇಕು. ಮದ್ಯ ಕುಡಿಸಿದರೆ ಬೆಚ್ಚಗಾಗುತ್ತದೆ ಎಂಬುದು ಪ್ರಾಣ ತೆಗೆಯುವ ತಪ್ಪು. ಅದು ಚರ್ಮದ ರಕ್ತನಾಳಗಳನ್ನು ಅಗಲಿಸಿ ಒಳಗಿನ ಬಿಸಿಯನ್ನೆಲ್ಲ ಹೊರಗೆ ಕಳಿಸುತ್ತದೆ. ಹಾಗಾಗಿ ಚೀಲದಲ್ಲಿ ಒಂದು ಜೊತೆ ಒಣ ಬಟ್ಟೆ, ಬಿಗಿಯಾಗಿ ಕಟ್ಟಿದ ಪ್ಲಾಸ್ಟಿಕ್ ಕವರಿನಲ್ಲಿ, ಬಿಸಿಲಿರುವ ದಿನವೂ ಇರಬೇಕು.

ಬೇಸಿಗೆಯ ಶತ್ರು ಬೆಂಕಿ. 2018ರ ಮಾರ್ಚ್ 11ರಂದು ತಮಿಳುನಾಡಿನ ತೇನಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಚಾರಣಿಗರ ತಂಡ ಕಾಳ್ಗಿಚ್ಚಿಗೆ ಸಿಕ್ಕಿ 20ಕ್ಕೂ ಹೆಚ್ಚು ಜನ ತೀರಿಕೊಂಡರು. ಒಣಹುಲ್ಲಿನ ಇಳಿಜಾರಿನಲ್ಲಿ ಬೆಂಕಿ ಮೇಲ್ಮುಖವಾಗಿ ಓಡುತ್ತದೆ. ಜ್ವಾಲೆಯ ಕಾವು ಮೇಲಿನ ಹುಲ್ಲನ್ನು ಮೊದಲೇ ಒಣಗಿಸಿ ಸಿದ್ಧಮಾಡಿ ಇಟ್ಟಿರುತ್ತದೆ, ಏರಿ ಓಡುವ ಮನುಷ್ಯ ಅದನ್ನು ಮೀರಿಸಲಾರ. ಬದಿಗೆ ಸರಿದು ಬಂಡೆಯ ಹಾಸು, ಮೊದಲೇ ಸುಟ್ಟು ಕರಿಯಾದ ನೆಲ ಅಥವಾ ಹಸಿಯಾದ ಶೋಲಾ ಕಾಡು ಸೇರಬೇಕು. ಫೆಬ್ರುವರಿಯಿಂದ ಅರಣ್ಯ ಇಲಾಖೆ ಚಾರಣದ ದಾರಿಗಳನ್ನು ಮುಚ್ಚಿದಾಗ ಗೇಟಿನ ಬಳಿ ವಾದ ಮಾಡುವವರು ಕುರಂಗಣಿಯನ್ನು ನೆನೆಯಬೇಕು.

ಗೇಟಿನ ವಿಷಯ ಬಂತು. 2024ರ ಜನವರಿಯಲ್ಲಿ, ಗಣರಾಜ್ಯೋತ್ಸವದ ರಜೆಗೆ, ಕುಮಾರಪರ್ವತಕ್ಕೆ ಸಾವಿರಾರು ಜನ ಒಮ್ಮೆಲೇ ಬಂದು ತಪಾಸಣೆಯ ಜಾಗದಲ್ಲಿ ಜಾತ್ರೆಯಂತೆ ನೆರೆದ ದೃಶ್ಯವನ್ನು ರಾಜ್ಯವೆಲ್ಲ ನೋಡಿತು. ಅದಾದ ಮೇಲೆ ಆನ್‌ಲೈನ್ ಬುಕಿಂಗ್ ಕಡ್ಡಾಯವಾಯಿತು, ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಬಂತು. ಒಳ್ಳೆಯದೇ ಆಯಿತು. ಹತ್ತಿದವರ ಹೆಸರು ಈಗ ಇಲಾಖೆಯ ಬಳಿ ಇರುತ್ತದೆ. ಇಳಿದವರ ಹೆಸರಿಗೂ ಸಂಜೆ ಅಷ್ಟೇ ಕಟ್ಟುನಿಟ್ಟಾಗಿ ಗುರುತು ಹಾಕುವ ಪದ್ಧತಿ ಪ್ರತಿ ಗೇಟಿನಲ್ಲೂ ಬರಬೇಕು. ಆಗ ಯಾರಾದರೂ ಉಳಿದಿದ್ದಾರೆಂದು ಆ ರಾತ್ರಿಯೇ ತಿಳಿಯುತ್ತದೆ.

ಹಿಮಾಲಯಕ್ಕೆ ಹೋಗುವ ಕನ್ನಡಿಗರು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದ್ದಾರೆ. 2024ರ ಜೂನ್ ಮೊದಲ ವಾರ ಉತ್ತರಾಖಂಡದ ಸಹಸ್ರತಾಲ್‌ನಿಂದ ಬಂದ ಸುದ್ದಿ ಬೆಂಗಳೂರಿನ ಎಷ್ಟೋ ಮನೆಗಳನ್ನು ನಡುಗಿಸಿತು. 4,000 ಮೀಟರಿಗೂ ಎತ್ತರದ ಆ ಸರೋವರಗಳ ದಾರಿಯಲ್ಲಿ, ಕರ್ನಾಟಕದವರೇ ಹೆಚ್ಚಿದ್ದ 22 ಜನರ ತಂಡ ಹಿಮಗಾಳಿಗೆ ಸಿಕ್ಕಿತು. 9 ಜನ ತೀರಿಕೊಂಡರು, 13 ಜನರನ್ನು ಕಾಪಾಡಲಾಯಿತು. ವಾಯುಸೇನೆಯ ಹೆಲಿಕಾಪ್ಟರುಗಳು ಬಂದವು, ರಾಜ್ಯದ ಸಚಿವರೇ ಡೆಹ್ರಾಡೂನಿಗೆ ಹೋದರು. ಬೆಟ್ಟ ಬಲ್ಲವರೂ ಆ ತಂಡದಲ್ಲಿದ್ದರು. ಯಾರು ಏನು ಮಾಡಬೇಕಿತ್ತು ಎಂದು ಇಲ್ಲಿ ಕುಳಿತು ತೀರ್ಪು ಕೊಡುವುದು ಅವರಿಗೆ ಮಾಡುವ ಅನ್ಯಾಯ. ಆದರೆ ಆ ಎತ್ತರಕ್ಕೆ ಮುಂದೆ ಹೋಗುವವರು ಕೇಳಿಕೊಳ್ಳಲೇಬೇಕಾದ ಪ್ರಶ್ನೆಗಳಿವೆ.

ಹಿಮಾಲಯದ ಚಾರಣಗಳಲ್ಲಿ ದೊಡ್ಡ ಚೀಲ, ಡೇರೆ, ಮಲಗುವ ಚೀಲ ಎಲ್ಲವೂ ಹೇಸರಗತ್ತೆಯ ಬೆನ್ನ ಮೇಲೆ ಶಿಬಿರದಿಂದ ಶಿಬಿರಕ್ಕೆ ಹೋಗುತ್ತವೆ. ನಡೆಯುವವನ ಬೆನ್ನಿಗೆ ಇರುವುದು ನೀರು, ತಿಂಡಿ, ಒಂದು ಜಾಕೆಟ್. ಎರಡು ಶಿಬಿರಗಳ ನಡುವೆ, ಶಿಖರಕ್ಕೋ ಸರೋವರಕ್ಕೋ ಹೋಗಿ ಮರಳುವ ಆ ಉದ್ದದ ದಿನ, ಗಾಳಿಮಳೆ ಹಿಡಿದುಕೊಂಡರೆ ಬೆಚ್ಚಗಿಡುವ ಸಾಮಾನೆಲ್ಲ ಗಂಟೆಗಟ್ಟಲೆ ದೂರದಲ್ಲಿರುತ್ತದೆ. ಆ ದಿನಕ್ಕಾದರೂ ತಂಡದಲ್ಲಿ ಒಂದೆರಡು ಮಲಗುವ ಚೀಲ, ಎಲ್ಲರೂ ಒಳಗೆ ಕೂರಬಹುದಾದ ಗಾಳಿಮರೆಯ ಹಗುರ ಹೊದಿಕೆ, ಒಂದು ಒಲೆ ಜೊತೆಗೇ ಬರುತ್ತದೆಯೇ? ದುಡ್ಡು ಕಟ್ಟುವ ಮೊದಲು ಸಂಘಟಕರನ್ನು ಇದೊಂದನ್ನು ಕೇಳಿ. ಹಿಮಾಲಯದಲ್ಲಿ ಮೋಡ ಕಟ್ಟುವುದು ಹೆಚ್ಚಾಗಿ ಮಧ್ಯಾಹ್ನದ ಮೇಲೆ. ಅದಕ್ಕೇ ಅಲ್ಲಿಯ ಮಾರ್ಗದರ್ಶಿಗಳು ರಾತ್ರಿ ಎರಡಕ್ಕೋ ಮೂರಕ್ಕೋ ಎಬ್ಬಿಸುತ್ತಾರೆ. ಆ ಗಂಟೆಗೆ ಗೊಣಗದೆ ಏಳುವುದು ಚಾರಣಿಗನ ಮೊದಲ ಕರ್ತವ್ಯ.

ಚಳಿಯ ಜೊತೆ ಅಲ್ಲಿ ಉಸಿರಿನ ಪ್ರಶ್ನೆಯೂ ಇದೆ. 5,500 ಮೀಟರಿನಲ್ಲಿ ಗಾಳಿಯ ಒತ್ತಡ ಕಡಲಮಟ್ಟದ ಅರ್ಧ ಮಾತ್ರ. ದೇಹ ಅದಕ್ಕೆ ಹೊಂದಿಕೊಳ್ಳುತ್ತದೆ, ಹೊತ್ತು ಕೊಡಬೇಕು ಅಷ್ಟೆ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರ ದಿನಕ್ಕೆ 500 ಮೀಟರಿಗಿಂತ ಹೆಚ್ಚಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ನಿಲ್ಲಬೇಕು ಎಂದು ಎತ್ತರದ ವೈದ್ಯಶಾಸ್ತ್ರ ಹೇಳುತ್ತದೆ. ತಲೆನೋವು, ವಾಕರಿಕೆ, ಹಸಿವಿಲ್ಲದಿರುವುದು ಮೊದಲ ಎಚ್ಚರಿಕೆ. ಅಲ್ಲೇ ನಿಂತು ಸುಧಾರಿಸಿಕೊಂಡರೆ ಬಹುಪಾಲು ಹೋಗುತ್ತದೆ. ಕುಳಿತಾಗಲೂ ಏದುಸಿರು, ಬಿಡದ ಕೆಮ್ಮು, ನೀಲಿಗಟ್ಟಿದ ತುಟಿ ಎಂದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆ. ಇನ್ನೊಂದು, ಮಿದುಳು ಊದಿಕೊಳ್ಳುವುದು. ನೆಲದ ಮೇಲೆ ನೇರ ಗೆರೆ ಎಳೆದು, ಒಂದು ಪಾದದ ಹಿಮ್ಮಡಿ ಇನ್ನೊಂದರ ಬೆರಳಿಗೆ ತಾಗುವಂತೆ ನಡೆಯಲು ಹೇಳಿ. ತೂರಾಡಿದರೆ ಬೆಳಗಾಗುವವರೆಗೆ ಕಾಯುವಂತಿಲ್ಲ. ಈ ಎರಡಕ್ಕೂ ಮೊದಲ ಮದ್ದು ಕೆಳಗೆ ಇಳಿಸುವುದು, ಆ ರಾತ್ರಿಯೇ, ಜೊತೆಗೊಬ್ಬರನ್ನು ಕಳಿಸಿ. ಆಮ್ಲಜನಕವಿದ್ದರೆ ಕೊಡುತ್ತಲೇ ಇಳಿಸಬೇಕು. ಮಾತ್ರೆಗಳಿವೆ, ಊರಿನಲ್ಲೇ ವೈದ್ಯರನ್ನು ಕಂಡು ಕೇಳಿ ಇಟ್ಟುಕೊಳ್ಳಬೇಕು. ಮಾತ್ರೆ ನುಂಗಿ ಮೇಲೆ ಹತ್ತುವುದು ಮಾತ್ರ ಕೂಡದು. ಬೆಂಗಳೂರಿನಲ್ಲಿ ಮ್ಯಾರಥಾನ್ ಓಡುವವನಿಗೂ ಇದರಿಂದ ವಿನಾಯಿತಿ ಇಲ್ಲ. ಗಟ್ಟಿ ಮೈಯವರು ಬೇಗ ಏರುತ್ತಾರೆ, ಹಾಗಾಗಿ ಬೇಗ ಕಾಯಿಲೆ ಬೀಳುತ್ತಾರೆ.

ಸರಿಯಾಗಿ ಕಲಿಯಬೇಕೆಂಬ ಮನಸ್ಸಿದ್ದವರಿಗೆ ದಾರಿಗಳಿವೆ. ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆ, 1954ರಲ್ಲಿ ಶುರುವಾದ ಡಾರ್ಜಿಲಿಂಗಿನ ಸಂಸ್ಥೆ ಸುಮಾರು ನಾಲ್ಕು ವಾರಗಳ ಮೂಲ ತರಬೇತಿ ಕೊಡುತ್ತವೆ. ನಮ್ಮ ರಾಜ್ಯದಲ್ಲೇ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಇದೆ. ಜಾಕೆಟ್ಟು, ಬೂಟುಗಳಿಗೆ ಸುರಿಯುವ ಹಣದಲ್ಲಿ ಸ್ವಲ್ಪ ಇಲ್ಲಿಗೆ ಬಂದರೆ ಅದಕ್ಕಿಂತ ಒಳ್ಳೆಯ ಖರ್ಚಿಲ್ಲ.

ಏನಾದರೂ ಆಗಿಯೇಬಿಟ್ಟರೆ? 2022ರ ಫೆಬ್ರುವರಿಯಲ್ಲಿ ನಂದಿಬೆಟ್ಟದ ಬಳಿ ಸುಮಾರು 300 ಅಡಿ ಜಾರಿ ಬಿದ್ದ ವಿದ್ಯಾರ್ಥಿಯೊಬ್ಬ ಬಂಡೆಯ ಚಾಚಿನ ಮೇಲೆ ಸಿಕ್ಕಿಕೊಂಡ. ಬಿದ್ದಲ್ಲಿಂದಲೇ ಫೋನಿನಲ್ಲಿ ತಾನಿರುವ ಜಾಗ ಕಳಿಸಿದ. ವಾಯುಸೇನೆಯ ಹೆಲಿಕಾಪ್ಟರ್ ಬಂದು ಮೇಲಕ್ಕೆಳೆಯಿತು. ಫೋನಿನಲ್ಲಿ ಚಾರ್ಜ್ ಇತ್ತು, ನೆಟ್‌ವರ್ಕ್ ಇತ್ತು, ಯಲಹಂಕ ವಾಯುನೆಲೆ ಹತ್ತಿರವಿತ್ತು. ಘಟ್ಟದಲ್ಲಿ ಈ ಮೂರೂ ಒಟ್ಟಿಗೆ ಸಿಗುವುದಿಲ್ಲ. ಹತ್ತುವಾಗ ಫೋನನ್ನು ಏರ್‌ಪ್ಲೇನ್ ಮೋಡಿನಲ್ಲಿ ಇಡಿ, ನಕ್ಷೆಯನ್ನು ಮೊದಲೇ ಇಳಿಸಿಕೊಳ್ಳಿ. ಕರೆ ಹೋಗದ ಕಡೆಯಲ್ಲೂ ಎಸ್‌ಎಂಎಸ್ ಹೋಗಬಹುದು. 112ಕ್ಕೆ ಮಾಡುವ ಕರೆ ನಿಮ್ಮ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ ಬೇರೆಯದರ ಮೂಲಕ ಹೋಗಬಲ್ಲದು. ಅಮೆರಿಕ, ಯುರೋಪಿನಿಂದ ರಜೆಗೆ ಬಂದು ಬೆಟ್ಟ ಹತ್ತುವ ನಮ್ಮವರು ಒಂದು ತಿಳಿದಿರಬೇಕು. ಅಲ್ಲಿ ಹಲವರ ಚೀಲದಲ್ಲಿರುವ ಉಪಗ್ರಹ ಫೋನ್, ಉಪಗ್ರಹ ಸಂದೇಶದ ಸಾಧನಗಳನ್ನು ಅನುಮತಿಯಿಲ್ಲದೆ ಇಲ್ಲಿಗೆ ತಂದರೆ ಅಪರಾಧ. ಭದ್ರತೆಯ ಕಾರಣ ಅರ್ಥವಾಗುತ್ತದೆ. ಹಿಮಾಲಯದ ದೂರದ ದಾರಿಗಳಲ್ಲಿ ನೋಂದಾಯಿತ ತಂಡಗಳಿಗಾದರೂ ಅವನ್ನು ಸುಲಭವಾಗಿ, ಬಾಡಿಗೆಗೆ ಸಿಗುವಂತೆ ಸರ್ಕಾರ ಮಾಡಬೇಕು. ಇದನ್ನು ನಾವು ಕೇಳುತ್ತಲೇ ಇರಬೇಕು.

ನೆರವು ಬರುವವರೆಗೆ ತಂಡವೇ ಆಸ್ಪತ್ರೆ. ಕಾಲು ಮುರಿದವರನ್ನು ಎರಡು ಬಿದಿರುಗಳಿಗೆ ರೇನ್‌ಕೋಟುಗಳ ತೋಳು ಪೋಣಿಸಿ ಹೊರಬಹುದು, ಆದರೆ ಕಡಿದಾದ ದಾರಿಯಲ್ಲಿ ಒಬ್ಬರನ್ನು ಹೊರಲು ಆರೆಂಟು ಜನ ಬೇಕು. ಮೂವರ ತಂಡ ಹೊರಲಾರದು. ಹಾವು ಕಚ್ಚಿದರೆ ಕಟ್ಟು ಬಿಗಿಯುವುದು, ಕೊಯ್ಯುವುದು, ಹೀರುವುದು ಯಾವುದೂ ಬೇಡ. ಕಚ್ಚಿದ ಕೈಯೋ ಕಾಲೋ ಅಲುಗದಂತೆ ಕೋಲು ಕೊಟ್ಟು, ನಡೆಸದೆ, ಹೊತ್ತು ಆಸ್ಪತ್ರೆಗೆ ತರಬೇಕು.

ಇವೆಲ್ಲಕ್ಕೂ ಮೊದಲು ಮನೆಯಲ್ಲಿ ಒಂದು ಚೀಟಿ ಬಿಟ್ಟು ಹೋಗಿ. ಯಾವ ಬೆಟ್ಟ, ಯಾವ ಕಡೆಯ ದಾರಿ, ಜೊತೆಗೆ ಯಾರ್ಯಾರು, ಅವರ ಫೋನ್ ನಂಬರು, ಗಾಡಿಯ ನಂಬರು, ತೊಟ್ಟ ಜಾಕೆಟ್ಟಿನ ಬಣ್ಣ, ಹತ್ತಿರದ ಪೊಲೀಸ್ ಠಾಣೆ ಮತ್ತು ಅರಣ್ಯ ಕಚೇರಿ. ಕೊನೆಯ ಸಾಲಿನಲ್ಲಿ ಒಂದು ಗಂಟೆ ಬರೆಯಿರಿ: ರಾತ್ರಿ ಎಂಟರೊಳಗೆ ನನ್ನ ಫೋನ್ ಬಾರದಿದ್ದರೆ 112ಕ್ಕೆ ಕರೆ ಮಾಡಿ. ಹೆದರುತ್ತಾರೆಂದು ಅಮ್ಮನಿಗೆ ಹೇಳದೆ ಹೋಗುವ ಹುಡುಗರಿದ್ದಾರೆ. ಅಮ್ಮನಿಗೆ ಬೇಡವಾದರೆ ಅಕ್ಕನಿಗೋ ಗೆಳೆಯನಿಗೋ ಕೊಡಿ, ಗಂಟೆ ನೋಡಿ ಎದ್ದು ಫೋನ್ ಮಾಡುವಂಥವರಿಗೆ ಕೊಡಿ. ಇಳಿದ ಮೇಲೆ ನೆಟ್‌ವರ್ಕ್ ಸಿಕ್ಕ ಮೊದಲ ಜಾಗದಲ್ಲೇ ಅವರಿಗೆ ಕರೆ ಮಾಡಿ. ಊಟ ಮುಗಿಸಿ ಮಾಡೋಣ ಎಂದು ಬಿಟ್ಟರೆ, ಅಷ್ಟರಲ್ಲಿ ಕೆಳಗಿನ ಊರಿನ ನಾಲ್ಕು ಜನ ಟಾರ್ಚು, ಕತ್ತಿ ಹಿಡಿದು ನಿಮ್ಮನ್ನು ಹುಡುಕಲು ಕಾಡಿಗೆ ಹೊರಟಿರುತ್ತಾರೆ.